ನಮ್ಮ ಆಮೆಗೆ ಎಂಥ ಹಾಸು ಬೇಕು?

ಇಂಗ್ಲೆಂಡಿನ ನಮ್ಮ ಮನೆಗೆ ನೆಲದ ಮೇಲೆ ಬದುಕುವ ಹರ್ಮನ್ ಜಾತಿಯ ಆಮೆಮರಿಯೊಂದು ಬಂದಾಗ, ಅದಕ್ಕೆ ಬೆಚ್ಚಗೆ ಕೊಡುವ ದೀಪ ಮತ್ತು ಆಹಾರದ ಬಗ್ಗೆ ನಾನು ಸಾಕಷ್ಟು ಓದಿಕೊಂಡಿದ್ದೆ. ಆದರೆ ಅದು ದಿನವಿಡೀ ಓಡಾಡುವ, ಹೂತುಕೊಂಡು ಮಲಗುವ ನೆಲದ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ. ಅಂಗಡಿಯವರು ಕೊಟ್ಟ, ಮರದ ಪುಡಿಯನ್ನು ಒತ್ತಿ ಮಾಡಿದ ಪೆಲೆಟ್‌ಗಳನ್ನೇ ಮರದ ತೊಟ್ಟಿಯಲ್ಲಿ ಎರಡು ಬೆರಳಿನಷ್ಟು ಹರಡಿದೆ. ನೋಡಲು ಚೊಕ್ಕಟವಾಗಿತ್ತು. ಕೆಲವು ತಿಂಗಳಲ್ಲಿ ಚಿಪ್ಪಿನ ಹೊಸ ಬೆಳವಣಿಗೆ ಸಮತಟ್ಟಾಗಿರದೆ, ಒಂದೊಂದು ಫಲಕವೂ ಸಣ್ಣ ದಿಬ್ಬದಂತೆ ಏಳತೊಡಗಿದ್ದನ್ನು ಕಂಡು ಪಶುವೈದ್ಯರ ಬಳಿಗೆ ಓಡಿದೆ. ಅವರು ಮೊದಲು ಕೇಳಿದ್ದೇ ತೊಟ್ಟಿಯ ತೇವಾಂಶ ಎಷ್ಟು ಎಂದು. ಮನೆಗೆ ಬಂದು ಅಳೆದಾಗ ಮಾಪಕ ಶೇಕಡಾ 30ನ್ನೂ ದಾಟಲಿಲ್ಲ.

ಚಿಪ್ಪು ಹೀಗೆ ಗೋಪುರದಂತೆ ಏಳುವುದಕ್ಕೆ ಹೆಚ್ಚು ಪ್ರೋಟೀನ್ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಆಫ್ರಿಕಾದ ಸಲ್ಕಾಟಾ ಆಮೆಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರೋಟೀನಿಗಿಂತ ಗಾಳಿಯ ಒಣತನದ ಪ್ರಭಾವವೇ ಹೆಚ್ಚೆಂದು ಕಂಡುಬಂದಿತು. ಹರ್ಮನ್ ಆಮೆ ಇಟಲಿ, ದಕ್ಷಿಣ ಫ್ರಾನ್ಸ್ ಹಾಗೂ ಬಾಲ್ಕನ್ ಸೀಮೆಯದು. ಅಲ್ಲಿನ ಬೇಸಿಗೆ ಒಣ ಬೇಸಿಗೆಯೇ, ಆದರೂ ಮರಿಗಳು ಪೊದೆಯ ಬುಡದ ತಂಪು ಮಣ್ಣಿನಲ್ಲಿ ಹುದುಗಿರುತ್ತವೆ. ಆದ್ದರಿಂದ ನಾನು ಹುಡುಕಬೇಕಾಗಿದ್ದದ್ದು ಮೇಲೆ ಒಣಗಿದ್ದು ಒಳಗೆ ಹಸಿಯಾಗಿರುವ, ಆಮೆ ಅಗೆದು ಒಳಸೇರಬಹುದಾದ ನೆಲವನ್ನು.

ಈಗ ನಾನು ಬಳಸುವುದು ಗೊಬ್ಬರ ಬೆರೆಸದ ಮೇಲ್ಮಣ್ಣು ಆರು ಪಾಲು, ಮಕ್ಕಳ ಆಟಕ್ಕೆಂದು ಮಾರುವ ತೊಳೆದ ಮರಳು ನಾಲ್ಕು ಪಾಲು. ಕುಂಡದ ಗಿಡಗಳಿಗೆಂದು ಮಾರುವ ಮಿಶ್ರಣವನ್ನು ದಯವಿಟ್ಟು ತರಬೇಡಿ. ಅದರಲ್ಲಿ ರಾಸಾಯನಿಕ ಗೊಬ್ಬರವೂ, ಆಮೆ ಆಹಾರವೆಂದು ನುಂಗಬಹುದಾದ ಬಿಳಿ ಪರ್ಲೈಟ್ ಹರಳುಗಳೂ ಸಾಮಾನ್ಯವಾಗಿ ಇರುತ್ತವೆ. ನೀರು ಬೆರೆಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಹಬೆಯಲ್ಲಿ ಬೇಯಿಸುವ ಪುಟ್ಟು ಮಾಡಲು ಅಕ್ಕಿಹಿಟ್ಟು ಕಲಸಿದವರಿಗೆ ಈ ಹದವನ್ನು ವಿವರಿಸಬೇಕಾಗಿಲ್ಲ. ಆಳ ಮರಿಗೆ 8 ಸೆಂಟಿಮೀಟರ್ ಆದರೂ ಇರಲಿ; ದೊಡ್ಡ ಆಮೆಗೆ 15ಕ್ಕಿಂತ ಕಡಿಮೆ ಬೇಡ. ನೀರನ್ನು ಮೇಲೆ ಚಿಮುಕಿಸುವ ಬದಲು ಮೂಲೆಗಳಲ್ಲಿ ಸುರಿದರೆ ಅದು ತಳಕ್ಕಿಳಿದು ನಿಧಾನವಾಗಿ ಮೇಲೇರುತ್ತದೆ. ಮೇಲ್ಮೈ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಭಾಗದ ಚಿಪ್ಪು ಕೊಳೆಯುವ ಅಪಾಯವಿದೆ.

ತಿಪಟೂರು, ಅರಸೀಕೆರೆಯ ಕಡೆಯ ತೆಂಗನ್ನು ಕಂಡು ಬೆಳೆದ ನನಗೆ, ಇಲ್ಲಿನ ಅಂಗಡಿಯಲ್ಲಿ ನಾರಿನ ಪುಡಿಯ ಇಟ್ಟಿಗೆ ಕಂಡಾಗ ಅದನ್ನೇ ಹಾಕೋಣವೆನಿಸಿತ್ತು. ಅದು ತೇವ ಹಿಡಿಯುತ್ತದೆ, ನಿಜ. ಆದರೆ ಒಂದನ್ನೇ ಹಾಕಿದರೆ ಕಾಲಿಗೆ ಗಟ್ಟಿ ನೆಲ ಸಿಗುವುದಿಲ್ಲ, ಒಣಗಿದಾಗ ಧೂಳೆದ್ದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮಣ್ಣಿಗೆ ಸ್ವಲ್ಪ ಮಾತ್ರ ಬೆರೆಸುತ್ತೇನೆ. ಬರೀ ಮರಳು ಆಹಾರದ ಜೊತೆ ಹೊಟ್ಟೆ ಸೇರಿ ಕರುಳನ್ನು ಕಟ್ಟಬಹುದು. ಸೀಡರ್ ಮತ್ತು ಪೈನ್ ಹೊಟ್ಟಿನ ಘಾಟು ಉಸಿರಾಟಕ್ಕೆ ಹಾನಿಕರ. ಕಾಯಿಲೆಯ ಆಮೆಯ ಮಲವನ್ನು ಗಮನಿಸಬೇಕಾದಾಗ ಕೆಲವು ದಿನ ಕಾಗದ ಹಾಸಬಹುದು, ಅಷ್ಟೇ. ಸೊಪ್ಪನ್ನು ಮಣ್ಣಿನ ಮೇಲಿಡದೆ ಕಲ್ಲಿನ ಚಪ್ಪಡಿಯ ಮೇಲಿಡುತ್ತೇನೆ. ಅದರಿಂದ ಉಗುರೂ ಸವೆಯುತ್ತದೆ.

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು: ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ತಕ್ಕ ಹಾಸು ಅದು ಹುಟ್ಟಿದ ಕುರುಚಲು ಕಾಡಿನ ನೆಲವೊಂದೇ.

ಹಳೆಯ ದಿಬ್ಬಗಳು ಇಳಿಯುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಮಣ್ಣು ಬದಲಾಯಿಸಿದ ಮೇಲೆ ಫಲಕಗಳ ನಡುವೆ ಬಂದಿರುವ ತಿಳಿಬಣ್ಣದ ಹೊಸ ಗೆರೆಗಳು ಸಮತಟ್ಟಾಗಿವೆ. ಸಂಜೆ ದೀಪ ಆರುವ ಹೊತ್ತಿಗೆ ಅದು ಮೂಲೆಯ ಹಸಿ ಮಣ್ಣನ್ನು ಮುಂಗಾಲಿನಿಂದ ಕೆರೆದು, ಬೆನ್ನಷ್ಟೇ ಕಾಣುವಂತೆ ಒಳಗಿಳಿಯುತ್ತದೆ.