ಟಿಕೆಟ್ ದರ ಕೂತಿದ್ದ ಜಾಗ

ಚಿಕ್ಕಮ್ಮನ ಮಗ ವಿಟಿಯು ಕಾಲೇಜೊಂದರಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದಾನೆ. ಜಾವಾದಲ್ಲಿ ಬಸ್ ಟಿಕೆಟ್‌ಗಳ ಸಿಮ್ಯುಲೇಶನ್ ಅವನ ಪ್ರಾಜೆಕ್ಟ್. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಹನುಮಂತನಗರದ ನಮ್ಮ ಮನೆಗೆ ಬಂದ. "ಅಕ್ಕ, ಒಂದು ಟಿಕೆಟ್‌ಗೆ ಬೇಕಾಗೋದು 13 ಬೈಟ್. ಒಂದು ಕೋಟಿ ಟಿಕೆಟ್ ಅಂದ್ರೆ 13 ಕೋಟಿ ಬೈಟ್. ಮೆಮೊರಿ ಲೆಕ್ಕ ಕೊಡೋ ಜೆಮ್ಯಾಪ್ ನೋಡಿದ್ರೆ 32 ಕೋಟಿ ತೋರಿಸ್ತಿದೆ. ಎಲ್ಲೋ ಮೆಮೊರಿ ಲೀಕ್ ಆಗ್ತಿದೆ" ಅಂದ.

ಲೀಕ್ ಏನೂ ಇರಲಿಲ್ಲ. ಟಿಕೆಟ್ ಸಂಖ್ಯೆಗೆ 8 ಬೈಟಿನ ಲಾಂಗ್, ದರಕ್ಕೆ 4 ಬೈಟಿನ ಇಂಟ್, ಪಾಸ್ ಇದೆಯೋ ಇಲ್ಲವೋ ಅನ್ನೋದಕ್ಕೆ 1 ಬೈಟಿನ ಬೂಲಿಯನ್: ಅವನ ಲೆಕ್ಕ ಇಷ್ಟೇ. ಜಾವಾದಲ್ಲೇ ಅನ್ನ ಕಂಡುಕೊಂಡಿರುವ ನನಗೆ ಈ ವಿಷಯ ಬಾಯಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಆಬ್ಜೆಕ್ಟ್ (ಇಲ್ಲಿ ಒಂದು ಟಿಕೆಟ್) ಮೆಮೊರಿಯಲ್ಲಿ ಹೇಗೆ ಕೂತಿದೆ ಅಂತ ತೋರಿಸುವ ಜೋಲ್ ಟೂಲ್ ಓಡಿಸಿ ಟಿಕೆಟ್ಟಿನ ಒಳಗನ್ನೇ ತೆರೆದು ತೋರಿಸಿದೆ. ಮೊದಲ 8 ಬೈಟ್ ಆಬ್ಜೆಕ್ಟಿನ ಸ್ಥಿತಿ ಬರೆದಿಡುವ ಮಾರ್ಕ್ ವರ್ಡ್, ನಂತರದ 4 ಬೈಟ್ ಅದು ಯಾವ ಕ್ಲಾಸಿನದು ಅಂತ ಹೇಳುವ ಕ್ಲಾಸ್ ಪಾಯಿಂಟರ್; ಎರಡೂ ಸೇರಿ ಹೆಡರ್. 12ನೇ ಬೈಟಿನಲ್ಲಿ ದರ, 16ರಲ್ಲಿ ಸಂಖ್ಯೆ, 24ರಲ್ಲಿ ಬೂಲಿಯನ್. ಉಳಿದ 7 ಬೈಟ್ ಖಾಲಿ, ಏಕೆಂದರೆ ಜಾವಾ ಓಡಿಸುವ ಜೆವಿಎಂ ಆದ ಹಾಟ್‌ಸ್ಪಾಟ್ ಪ್ರತಿ ಆಬ್ಜೆಕ್ಟನ್ನೂ 8ರ ಗುಣಕಕ್ಕೆ ತಂದು ನಿಲ್ಲಿಸುತ್ತದೆ. ಒಟ್ಟು 32.

"ನಾನು ಸಂಖ್ಯೆ ಮೊದಲು ಬರೆದಿದ್ನಲ್ಲ, ದರ ಹೇಗೆ ಮುಂದೆ ಬಂತು?"

ಲಾಂಗ್‌ಗೆ 8ರ ಗುಣಕದ ವಿಳಾಸ ಬೇಕು. ಹಾಗಾಗಿ ಹಾಟ್‌ಸ್ಪಾಟ್ 12ರಿಂದ 16ರವರೆಗಿನ ಸಂದಿಗೆ ಇಂಟ್ ಅನ್ನು ತುಂಬಿಸಿಬಿಡುತ್ತದೆ. ನಾವು ಬರೆದ ಕ್ರಮಕ್ಕೆ ಅಲ್ಲಿ ಬೆಲೆಯಿಲ್ಲ.

ಇನ್ನೂ ಒಳಗೆ ಹೋದೆವು. ಟಿಕೆಟ್ ತೆಗೆದುಕೊಂಡು ದರವನ್ನಷ್ಟೇ ಹಿಂದಿರುಗಿಸುವ ಪುಟ್ಟ ಸ್ಟ್ಯಾಟಿಕ್ ಮೆಥಡ್ ಬರೆಸಿದೆ. ಯಂತ್ರದ ಕೋಡನ್ನು ಓದುವಂತೆ ಮಾಡುವ ಎಚ್‌ಎಸ್‌ಡಿಸ್ ಪ್ಲಗಿನ್ ಹಾಕಿ, ಕಂಪೈಲ್ ಆದ ಅಸೆಂಬ್ಲಿ ಪ್ರಿಂಟ್ ಮಾಡಿಸಿದೆ. ಸುತ್ತಮುತ್ತಲ ಸಾಲುಗಳನ್ನು ಬಿಟ್ಟರೆ ಕೆಲಸ ಮಾಡುತ್ತಿದ್ದದ್ದು ಒಂದೇ ಮೂವ್ ಆದೇಶ: ಟಿಕೆಟ್ಟಿನ ವಿಳಾಸವಿರುವ ಆರ್‌ಎಸ್‌ಐ ಎಂಬ ಪ್ರೊಸೆಸರ್ ರಿಜಿಸ್ಟರಿಗೆ 12 ಕೂಡಿಸಿದ ವಿಳಾಸದಿಂದ 4 ಬೈಟ್ ಎತ್ತಿ ಇಎಎಕ್ಸ್ ರಿಜಿಸ್ಟರಿಗೆ ಹಾಕು. 'ದರ' ಅನ್ನುವ ಹೆಸರು ಎಲ್ಲೂ ಇಲ್ಲ, ಬರೀ 12. ಕಾಲೇಜಿನಲ್ಲಿ 8086 ಪ್ರೊಸೆಸರ್ ಲ್ಯಾಬ್ ಮಾಡಿದ್ದ ಹುಡುಗ, "ಇದು ನಮ್ಮ ಡಿಸ್‌ಪ್ಲೇಸ್‌ಮೆಂಟ್ ಅಡ್ರೆಸಿಂಗೇ ಅಲ್ವಾ!" ಅಂತ ಕೂಗಿದ. ಆ ಕ್ಷಣಕ್ಕಾಗಿಯೇ ನಾನು ಇಷ್ಟು ದೂರ ಕರೆದುಕೊಂಡು ಬಂದಿದ್ದು.

ಆಮೇಲೆ ಒಳ್ಳೆಯ ಪ್ರಶ್ನೆ ಕೇಳಿದ: ಟಿಕೆಟ್ ನಲ್, ಅಂದರೆ ಏನನ್ನೂ ತೋರಿಸದ ಖಾಲಿ ರೆಫರೆನ್ಸ್ ಆಗಿದ್ದರೆ? ಆ ಕೋಡಿನಲ್ಲಿ ನಲ್ ತಪಾಸಣೆಯೇ ಇಲ್ಲ. ನಲ್ ಅಂದರೆ ವಿಳಾಸ 0, ಹಾಗಾಗಿ ಪ್ರೊಸೆಸರ್ 12ನೇ ವಿಳಾಸವನ್ನು ಓದಲು ಹೋಗುತ್ತದೆ, ಮುಟ್ಟಬಾರದ ವಿಳಾಸ ಅಂತ ಲಿನಕ್ಸ್ ಸೆಗ್‌ಫಾಲ್ಟ್ ಸಿಗ್ನಲ್ ಕಳಿಸುತ್ತದೆ, ಜೆವಿಎಂ ಅದನ್ನು ಹಿಡಿದು ನಲ್‌ಪಾಯಿಂಟರ್ ಎಕ್ಸೆಪ್ಶನ್ ಮಾಡಿ ಕೊಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಅದ್ಭುತ ಅನ್ನಿಸುತ್ತದೆ. ಕೋಟಿ ಸಲ ಸರಿಯಿರುವ ದಾರಿಗೆ ಒಂದು ಹೋಲಿಕೆಯ ಖರ್ಚೂ ಇಲ್ಲ.

"ಹಾಗಾದ್ರೆ ವಿಳಾಸ ಬರೆದಿಟ್ಟುಕೊಂಡು, ಮೆಮೊರಿ ನೇರ ಮುಟ್ಟೋ ಅನ್‌ಸೇಫ್ ಕ್ಲಾಸ್‌ನಿಂದ ನೇರ ಓದ್ಲಾ?"

ಬೇಡ ಅಂದೆ. ಬೇಡವಾದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಆಬ್ಜೆಕ್ಟನ್ನು ಎತ್ತಿ ಬೇರೆ ಕಡೆ ಇಡುತ್ತದೆ. ರಿಜಿಸ್ಟರಿನಲ್ಲಿರುವ ರೆಫರೆನ್ಸನ್ನು ಅದೇ ತಿದ್ದುತ್ತದೆ, ನಾವು ಬರೆದಿಟ್ಟ ಸಂಖ್ಯೆಯನ್ನಲ್ಲ. ಆಬ್ಜೆಕ್ಟಿನ ಗುರುತಿನ ಸಂಖ್ಯೆಯಾದ ಐಡೆಂಟಿಟಿ ಹ್ಯಾಶ್ ಹೆಡರಿನಲ್ಲೇ ಇರುವುದೂ ಇದಕ್ಕೇ. ತೋರಿಸಿದೆ: ಹೊಸ ಟಿಕೆಟ್ಟಿನ ಮಾರ್ಕ್ ವರ್ಡ್ ಬರೀ 1. ಹ್ಯಾಶ್ ಕೇಳಿದ ಮೇಲೆ ಅದೇ 8 ಬೈಟಿನೊಳಗೆ 31 ಬಿಟ್‌ನ ಸಂಖ್ಯೆ ಬಂದು ಕೂತಿತ್ತು. ಆಬ್ಜೆಕ್ಟ್ ಎಲ್ಲಿಗೆ ಹೋದರೂ ಹ್ಯಾಶ್ ಜೊತೆಗೇ ಹೋಗುತ್ತದೆ.

ಊಟವಾದ ಮೇಲೆ ಜಾವಾದ ಹೊಸ ಆವೃತ್ತಿ ಜೆಡಿಕೆ 25 ಹಾಕಿಸಿ, ಕಾಂಪ್ಯಾಕ್ಟ್ ಆಬ್ಜೆಕ್ಟ್ ಹೆಡರ್ಸ್ ಆಯ್ಕೆ ಆನ್ ಮಾಡಿದೆವು. 2025ರಲ್ಲೇ ಜೆಡಿಕೆ 24ರಲ್ಲಿ ಪ್ರಾಯೋಗಿಕವಾಗಿ ಬಂದ ಈ ಸೌಲಭ್ಯದಲ್ಲಿ ಕ್ಲಾಸ್ ಪಾಯಿಂಟರ್ ಕೂಡ ಮಾರ್ಕ್ ವರ್ಡಿನೊಳಗೆ ಸೇರಿ ಹೆಡರ್ 8 ಬೈಟ್‌ಗೆ ಇಳಿಯುತ್ತದೆ. ಈಗ ಸಂಖ್ಯೆ 8ಕ್ಕೆ, ದರ 16ಕ್ಕೆ, ಬೂಲಿಯನ್ 20ಕ್ಕೆ. ಒಂದು ಟಿಕೆಟ್ 24 ಬೈಟ್, ಕೋಟಿಗೆ 8 ಕೋಟಿ ಬೈಟ್ ಉಳಿತಾಯ. ಜಾವಾ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅಸೆಂಬ್ಲಿಯನ್ನು ಮತ್ತೆ ಪ್ರಿಂಟ್ ಮಾಡುವ ಮೊದಲೇ ಅವನು, "ಅಕ್ಕ, ಈಗ ಆರ್‌ಎಸ್‌ಐ ಪ್ಲಸ್ 16 ಬರತ್ತೆ ನೋಡು" ಅಂದ. ಹಾಗೇ ಬಂತು.