ಮಾತು ಕೊಟ್ಟು ಉಳಿದುಹೋದ ವಹಿವಾಟು

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಪೋಸ್ಟ್‌ಗ್ರೆಸ್ (ಪೋಸ್ಟ್‌ಗ್ರೆಸ್‌ಕ್ಯುಎಲ್ ತಂತ್ರಾಂಶದ) ಡೇಟಾಬೇಸ್ ಒಂದರಲ್ಲಿ ಒಂದು ಟೇಬಲ್ ದಿನೇ ದಿನೇ ಊದಿಕೊಳ್ಳತೊಡಗಿತು. ಸತ್ತ ಸಾಲುಗಳನ್ನು, ಅಂದರೆ ಅಳಿಸಿದ ಅಥವಾ ಬದಲಾಯಿಸಿದ ಮೇಲೆ ಬೇಡವಾದ ಹಳೆಯ ಸಾಲುಗಳನ್ನು, ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್ ತಪ್ಪದೆ ಓಡುತ್ತಿದ್ದರೂ ಅವು ಹಾಗೆಯೇ ಉಳಿಯುತ್ತಿದ್ದವು. ಬಹಳ ಹೊತ್ತಿನಿಂದ ತೆರೆದೇ ಇರುವ ಸೆಷನ್ (ಡೇಟಾಬೇಸ್ ಜೊತೆಗಿನ ಸಂಪರ್ಕ) ಯಾವುದಾದರೂ ಇದೆಯೇ ಎಂದು, ಸೆಷನ್‌ಗಳ ಪಟ್ಟಿ ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಹುಡುಕಿದೆ, ಒಂದೂ ಇರಲಿಲ್ಲ. ಸರ್ವರ್ ನಿಲ್ಲಿಸಿ ಮತ್ತೆ ಆರಂಭಿಸಿದರೂ ಸ್ಥಿತಿ ಬದಲಾಗಲಿಲ್ಲ. ಕೊನೆಗೆ ಪಿಜಿ_ಪ್ರಿಪೇರ್ಡ್_ಎಕ್ಸಾಕ್ಟ್ಸ್ ಎಂಬ ವ್ಯೂ ನೋಡಿದಾಗ, ಹಲವು ದಿನಗಳ ಹಿಂದೆ ಪ್ರಿಪೇರ್ ಆಗಿ, ಕಮಿಟ್ (ಖಾಯಂ ಮಾಡುವುದು) ಆಗಲಿ ರೋಲ್‌ಬ್ಯಾಕ್ (ಹಿಂದಕ್ಕೆ ಪಡೆಯುವುದು) ಆಗಲಿ ಕಾಣದೆ ಉಳಿದಿದ್ದ ಒಂದೇ ಒಂದು ವಹಿವಾಟು (ಟ್ರಾನ್ಸಾಕ್ಷನ್) ಅಲ್ಲಿ ಸಿಕ್ಕಿತು.

ಈ ಪ್ರಿಪೇರ್ ಎರಡು ಹಂತದ ಕಮಿಟ್‌ನ ಭಾಗ: ಒಂದೇ ಕೆಲಸ ಹಲವು ಡೇಟಾಬೇಸ್‌ಗಳನ್ನು ಮುಟ್ಟಿದಾಗ ಅದು ಎಲ್ಲ ಕಡೆ ಆಗುವಂತೆ, ಇಲ್ಲವೇ ಎಲ್ಲಿಯೂ ಆಗದಂತೆ ನೋಡಿಕೊಳ್ಳುವ ವಿಧಾನ. ಅದು ಹೊಸ ವಿಚಾರವಲ್ಲ. ಡೇಟಾಬೇಸ್ ವಿಜ್ಞಾನಿ ಜಿಮ್ ಗ್ರೇ ಅದನ್ನು 1978ರಲ್ಲೇ ವಿವರಿಸಿದ್ದರು, ಪೋಸ್ಟ್‌ಗ್ರೆಸ್‌ಗೆ ಅದು ಬಂದದ್ದು 2005ರ 8.1 ಆವೃತ್ತಿಯಲ್ಲಿ. ಮೊದಲ ಹಂತದಲ್ಲಿ, ಎಲ್ಲವನ್ನೂ ನಡೆಸುವ ಸಂಚಾಲಕ ಪ್ರೋಗ್ರಾಮ್ ಪ್ರತಿ ಡೇಟಾಬೇಸ್‌ಗೂ ಪ್ರಿಪೇರ್ ಟ್ರಾನ್ಸಾಕ್ಷನ್ ಆದೇಶ ಕಳುಹಿಸುತ್ತದೆ. ಡೇಟಾಬೇಸ್ ತನ್ನ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಬರೆದು ಆಯಿತು ಎಂದು ಉತ್ತರಿಸಿದರೆ, ಅದು ಮಾತು ಕೊಟ್ಟಂತೆ: ಇನ್ನು ಮುಂದೆ ವಿದ್ಯುತ್ ಹೋದರೂ, ಸರ್ವರ್ ಬಿದ್ದು ಎದ್ದರೂ, ಕಮಿಟ್ ಎಂದರೆ ಕಮಿಟ್ ಮಾಡಲು, ಬೇಡ ಎಂದರೆ ಹಿಂದಕ್ಕೆ ಪಡೆಯಲು ಅದು ಸಿದ್ಧವಾಗಿರಬೇಕು, ತಾನಾಗಿಯೇ ಯಾವುದನ್ನೂ ನಿರ್ಧರಿಸುವಂತಿಲ್ಲ. ಎಲ್ಲರೂ ಒಪ್ಪಿದ ಮೇಲೆ ಸಂಚಾಲಕ ಎರಡನೆಯ ಹಂತದಲ್ಲಿ ಕಮಿಟ್ ಪ್ರಿಪೇರ್ಡ್ ಕಳುಹಿಸುತ್ತದೆ.

ನನ್ನನ್ನು ಕಾಡಿದ್ದು ಈ ಎರಡು ಹಂತಗಳ ನಡುವಿನ ಬಿಡುವು. ಪ್ರಿಪೇರ್ ಆದ ವಹಿವಾಟಿಗೂ ಅದನ್ನು ಆರಂಭಿಸಿದ ಸೆಷನ್ನಿಗೂ ಸಂಬಂಧ ಕಡಿದುಹೋಗುತ್ತದೆ. ಕನೆಕ್ಷನ್ ಮುಚ್ಚಿದರೂ ಆ ವಹಿವಾಟು ಹಿಡಿದ ಲಾಕ್‌ಗಳು (ಇತರರನ್ನು ತಡೆಯುವ ಬೀಗಗಳು) ಬಿಡುವುದಿಲ್ಲ; ಲಾಕ್‌ಗಳ ಪಟ್ಟಿ ತೋರಿಸುವ ಪಿಜಿ_ಲಾಕ್ಸ್‌ನಲ್ಲಿ ಆ ಲಾಕ್‌ಗಳ ಮುಂದೆ ಪ್ರೋಸೆಸ್ ಸಂಖ್ಯೆಯೂ ಇರುವುದಿಲ್ಲವಾದ್ದರಿಂದ ಯಾವ ಪ್ರೋಸೆಸ್ಸನ್ನು ಕೊಲ್ಲಬೇಕು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಆ ವಹಿವಾಟು ಮುಗಿಯುವವರೆಗೆ, ಅದು ಆರಂಭವಾದ ನಂತರ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ಮುಟ್ಟುವಂತಿಲ್ಲ. ಹಾಗಾಗಿಯೇ ಪೋಸ್ಟ್‌ಗ್ರೆಸ್‌ನಲ್ಲಿ ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್ ಎಂಬ ಸೆಟ್ಟಿಂಗ್ ಮೂಲತಃ 0 ಆಗಿರುತ್ತದೆ, ಅಂದರೆ ಈ ಸೌಲಭ್ಯ ಮುಚ್ಚಿರುತ್ತದೆ. ಇದು ಬಹಳ ಸರಿಯಾದ ನಿರ್ಧಾರವೆಂದು ನಾನು ನಂಬುತ್ತೇನೆ.

ಆ ದಿನ ವಹಿವಾಟನ್ನು ಕಂಡುಹಿಡಿದದ್ದಕ್ಕಿಂತ ಕಷ್ಟವಾದದ್ದು ಅದನ್ನು ಏನು ಮಾಡಬೇಕೆಂಬುದು. ರೋಲ್‌ಬ್ಯಾಕ್ ಪ್ರಿಪೇರ್ಡ್ ಎಂದು ಬರೆದುಬಿಡುವುದು ಸುಲಭ, ಆದರೆ ಇನ್ನೊಂದು ಡೇಟಾಬೇಸ್ ಆಗಲೇ ಕಮಿಟ್ ಮಾಡಿದ್ದರೆ ಎರಡರ ಲೆಕ್ಕ ಶಾಶ್ವತವಾಗಿ ತಪ್ಪುತ್ತಿತ್ತು. ವಹಿವಾಟಿಗೆ ಇಟ್ಟಿದ್ದ ಹೆಸರು ಅರ್ಥವಿಲ್ಲದ ಒಂದು ಸಂಖ್ಯೆ. ಸಂಚಾಲಕ ತನ್ನ ನಿರ್ಧಾರವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎರಡೂ ಕಡೆಯ ಸಾಲುಗಳನ್ನು ಒಂದೊಂದಾಗಿ ಹೋಲಿಸಿ, ಆಚೆಯ ಬದಿ ಕಮಿಟ್ ಆಗಿದೆಯೆಂದು ಖಚಿತವಾದ ಮೇಲೆಯೇ ನಾನು ಈಚೆಯದನ್ನು ಕಮಿಟ್ ಮಾಡಿದೆ. ಆ ಸಂಚಾಲಕವನ್ನು ಬರೆದವನು ನಾನೇ. ಮೊದಲ ಕಮಿಟ್ ಪ್ರಿಪೇರ್ಡ್ ಹೊರಡುವ ಮುನ್ನವೇ ನಿರ್ಧಾರ ಸಂಚಾಲಕದ ಡಿಸ್ಕಿನಲ್ಲಿ ಗಟ್ಟಿಯಾಗಿ ಕೂತಿರಬೇಕು. ಆಗ ಅದು ಮತ್ತೆ ಎದ್ದಾಗ, ತನ್ನ ದಾಖಲೆಯಲ್ಲಿ ಇರುವುದನ್ನು ಕಮಿಟ್ ಮಾಡಿ ಇಲ್ಲದ್ದನ್ನು ಹಿಂದಕ್ಕೆ ಪಡೆದರೆ ಸಾಕು. ವಹಿವಾಟಿನ ಹೆಸರಿಗೆ 200 ಬೈಟ್‌ಗಳ ಒಳಗೆ ಜಾಗವಿದೆ. ಯಾವ ಸಂಚಾಲಕ, ಯಾವ ಕೆಲಸ ಎಂಬುದನ್ನು ಅದರಲ್ಲೇ ಸೇರಿಸಿಡಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗುವುದು ಎರಡೂ ಕಡೆ ಆಗುತ್ತದೆ ಅಥವಾ ಎರಡೂ ಕಡೆ ಆಗುವುದಿಲ್ಲ ಎಂಬ ಭರವಸೆ ಮಾತ್ರ. ಎರಡು ಕಮಿಟ್‌ಗಳು ಒಂದೇ ಕ್ಷಣದಲ್ಲಿ ಆಗುವುದಿಲ್ಲವಾದ್ದರಿಂದ, ಆ ನಡುವೆ ಎರಡನ್ನೂ ಓದುವ ವರದಿಗೆ ಒಂದು ಖಾತೆಯಿಂದ ಹೋದ ಹಣ ಇನ್ನೊಂದಕ್ಕೆ ಬಾರದೆ ಇದ್ದಂತೆ ಕಾಣಬಹುದು. ಈ ಅಂಶವನ್ನು ಅನುಭವಿಗಳೂ ಮರೆಯುವುದನ್ನು ನೋಡಿದ್ದೇನೆ. ಬೇರೆ ಸರ್ವರಿನ ಟೇಬಲ್‌ಗಳನ್ನು ಇಲ್ಲಿಂದಲೇ ಬಳಸಲು ಬಿಡುವ ಪೋಸ್ಟ್‌ಗ್ರೆಸ್_ಎಫ್‌ಡಿಡಬ್ಲ್ಯು ಮೂಲಕ ದೂರದ ಟೇಬಲ್‌ಗೆ ಬರೆದರೆ ಈ ಎರಡು ಹಂತದ ರಕ್ಷಣೆ ತಾನಾಗಿಯೇ ಬರುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಅದು ದೂರದ ವಹಿವಾಟನ್ನು ಪ್ರಿಪೇರ್ ಮಾಡುವುದಿಲ್ಲ. ಅಲ್ಲಿ ಕಮಿಟ್ ಆಗಿ ಇಲ್ಲಿ ಕಮಿಟ್ ಆಗುವ ಮುನ್ನ ಸರ್ವರ್ ಬಿದ್ದರೆ ಎರಡರ ನಡುವೆ ವ್ಯತ್ಯಾಸ ಉಳಿಯುತ್ತದೆ.

ಆದ್ದರಿಂದ ಈಗ ಯಾರಾದರೂ ಕೇಳಿದರೆ, ಎರಡು ಟೇಬಲ್‌ಗಳನ್ನು ಒಂದೇ ಡೇಟಾಬೇಸ್‌ಗೆ ತರಲು ಸಾಧ್ಯವೇ ಎಂದು ಮೊದಲು ವಿಚಾರಿಸುತ್ತೇನೆ. ಆಚೆಯ ಬದಿಯಲ್ಲಿರುವುದು ಸಂದೇಶಗಳ ಸರದಿ (ಕ್ಯೂ) ಮಾತ್ರವಾದರೆ, ಕಳುಹಿಸಬೇಕಾದ ಸಂದೇಶವನ್ನು ಅದೇ ವಹಿವಾಟಿನಲ್ಲಿ ಒಂದು ಔಟ್‌ಬಾಕ್ಸ್ ಟೇಬಲ್‌ಗೆ ಬರೆದು, ನಂತರ ಬೇರೊಂದು ಪ್ರೋಗ್ರಾಮ್ ಅದನ್ನು ಸಾಗಿಸುವುದು ಸಾಕಾಗುತ್ತದೆ. ಒಂದೇ ಸಂದೇಶ ಎರಡು ಸಲ ತಲುಪಿದರೂ ಪಡೆಯುವವರು ತಾಳಿಕೊಳ್ಳುವಂತಿರಬೇಕು, ಅಷ್ಟೆ. ಎರಡೂ ಕಡೆ ನಿಜವಾದ ಡೇಟಾಬೇಸ್‌ಗಳಿದ್ದು, ಎರಡಕ್ಕೂ ಬೇಡ ಎನ್ನುವ ಹಕ್ಕು ಇರಲೇಬೇಕಾದಾಗ ಮಾತ್ರ ಪ್ರಿಪೇರ್ ಬಳಸುತ್ತೇನೆ, ಮತ್ತು ಅಂಥ ಪ್ರತಿ ಸರ್ವರಿನಲ್ಲಿಯೂ ಐದು ನಿಮಿಷಕ್ಕಿಂತ ಹಳೆಯದಾದ ಪ್ರಿಪೇರ್ ವಹಿವಾಟು ಕಂಡರೆ ನನ್ನನ್ನು ಎಬ್ಬಿಸುವ ಎಚ್ಚರಿಕೆಯನ್ನು ಮೊದಲ ದಿನವೇ ಹಾಕಿಡುತ್ತೇನೆ.