ಮುಖಕ್ಕೆ ಹೊಡೆಯಬೇಡ

ಮುಖಕ್ಕೆ ಹೊಡೆಯಬೇಡ ಎಂದು ಹೇಳಿದವನು ನಾನೇ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕೌಂಟರಿನಲ್ಲಿ ಕೂರಬೇಕು. ಊದಿದ ಕಣ್ಣಿಟ್ಟುಕೊಂಡು ಪಿಂಚಣಿದಾರರ ಪಾಸ್‌ಬುಕ್ ನೋಡುವುದಕ್ಕಾಗುತ್ತದೆಯೇ? ಹುಡುಗ ಹಲ್ಲು ಕಾಯುವ ಗಮ್‌ಶೀಲ್ಡ್ ಕಚ್ಚಿಕೊಂಡೇ ‘ಹೂಂ’ ಎಂದ. ಅವನು ಹೇಳಿದ ಮಾತು ಮೀರುವವನಲ್ಲ. ಅಂದೂ ಮೀರಲಿಲ್ಲ.

ನನ್ನ ಬಾಕ್ಸಿಂಗ್ ಶಾಲೆ ಎಂದರೆ ದಾವಣಗೆರೆಯ ಎಪಿಎಂಸಿ ಹಿಂಬದಿಯ ಒಂದು ಹಳೆಯ ಗೋದಾಮು. 2021ರಲ್ಲಿ ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಮರಳಿದಾಗ ಅದನ್ನು ಬಾಡಿಗೆಗೆ ಹಿಡಿದೆ. ಅದಕ್ಕೂ ಮೊದಲು ಅಲ್ಲಿ ಮೆಕ್ಕೆಜೋಳ ತುಂಬುತ್ತಿದ್ದರು. ನಾಲ್ಕು ದಿನ ತೊಳೆದರೂ ಕಾಳು ಎಲ್ಲಿಂದಲೋ ಉದುರುತ್ತಲೇ ಇತ್ತು. ಸೂರಿನ ಸಂದಿಯಿಂದ, ಬಾಗಿಲಿನ ಚೌಕಟ್ಟಿನಿಂದ, ಒಮ್ಮೆ ನನ್ನದೇ ಶೂ ಒಳಗಿನಿಂದ. ಮೊದಲ ಮಳೆಗಾಲದಲ್ಲಿ ನೆಲದ ಬಿರುಕಿನಿಂದ ಮೆಕ್ಕೆಜೋಳದ ಸಸಿಯೊಂದು ಎದ್ದು ಗೇಣುದ್ದ ಬೆಳೆಯಿತು. ಹುಡುಗರು ಕುಡಿದು ಉಳಿದ ನೀರನ್ನು ಅದರ ಬುಡಕ್ಕೆ ಬಗ್ಗಿಸುತ್ತಿದ್ದರು. ತೆನೆ ಕಟ್ಟುವ ಯೋಗ ಅದಕ್ಕಿರಲಿಲ್ಲ. ಯಾರದೋ ಸ್ಕಿಪ್ಪಿಂಗ್ ಹಗ್ಗ ತಗುಲಿ ಕತ್ತು ಮುರಿಯಿತು.

ಈ ಊರಿನವರಿಗೆ ಮೈಕೈ ಗಟ್ಟಿ ಮಾಡುವ ವಿದ್ಯೆ ಎಂದರೆ ಕುಸ್ತಿ. ಹಳೆಯ ಓಣಿಗಳಲ್ಲಿ ಗರಡಿಮನೆಗಳಿವೆ, ಪೈಲ್ವಾನರಿಗೆ ಇಂದಿಗೂ ಮರ್ಯಾದೆಯಿದೆ. ನಾನು ಬೋರ್ಡು ತೂಗುಹಾಕಿದ ವಾರದಲ್ಲಿ ಹತ್ತಿರದ ಗರಡಿಯ ಉಸ್ತಾದರೊಬ್ಬರು ನೋಡಲು ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಮುದುಡಿದ ಕಿವಿ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ನೆಲ ಮುಟ್ಟಿದರು. ಸಿಕ್ಕಿದ್ದು ಸಿಮೆಂಟು. ಬೆರಳು ನೋಡಿಕೊಂಡು ನಕ್ಕರು. ತೂಗುತ್ತಿದ್ದ ಚೀಲವನ್ನು ಒಮ್ಮೆ ತಳ್ಳಿ, “ಇದಕ್ಕೆ ಗುದ್ದುವುದಕ್ಕೆ ಜನ ದುಡ್ಡು ಕೊಡುತ್ತಾರೆಯೇ?” ಎಂದು ಕೇಳಿದರು. ಕೊಡುತ್ತಾರೆ ಎಂದೆ. “ನಮ್ಮಲ್ಲಿ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕುವುದಕ್ಕೂ ನಾವೇ ದುಡ್ಡು ಹಾಕಬೇಕು” ಎಂದರು. ಮರುದಿನ ಒಂದು ಆಂಜನೇಯನ ಪಟ ಕಳುಹಿಸಿಕೊಟ್ಟರು. ಅದು ಈಗಲೂ ಟೈಮ್‌ಟೇಬಲ್ಲಿನ ಮೇಲೆ ಇದೆ.

ಆ ಚೀಲದ ಕಥೆಯನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕೊಳ್ಳುವಷ್ಟು ಹಣವಿರಲಿಲ್ಲ. ಲಾರಿ ತಾಡಪಾಲು ಹೊಲಿಯುವವರಿಂದ ನಾಲ್ಕು ಚೀಲ ಹೊಲಿಸಿ, ಮೊದಲನೆಯದಕ್ಕೆ ಮರಳು ತುಂಬಿದೆ. ಪುಸ್ತಕದ ಬುದ್ಧಿ. ಮರಳು ಒಂದೇ ವಾರದಲ್ಲಿ ಕೆಳಗಿಳಿದು, ಚೀಲದ ತಳ ಕಲ್ಲಾಯಿತು, ಮೇಲ್ಭಾಗ ಜೋಲಿತು. ಒಬ್ಬ ಹುಡುಗನ ಮಣಿಕಟ್ಟು ಊದಿಕೊಂಡಿತು. ಆಮೇಲೆ ದರ್ಜಿ ಅಂಗಡಿಗಳಿಂದ ಚಿಂದಿ ಮೂಟೆಗಳನ್ನು ತಂದು, ಒನಕೆಯಿಂದ ಪದರಪದರವಾಗಿ ಜಡಿದೆವು. ಚಿಂದಿಯಲ್ಲಿ ಏನೆಲ್ಲ ಇರುತ್ತದೆ ಎನ್ನುತ್ತೀರಿ! ಗುಂಡಿ, ಜಿಪ್ಪು, ಕೊಕ್ಕೆ, ಸೂಜಿ. ಎರಡು ಸಂಜೆ ಕುಳಿತು ಅಕ್ಕಿಯಂತೆ ಆರಿಸಿದ್ದೇವೆ. ಆದರೂ ಅಂತಹ ಚೀಲ ಕಾಲಕಾಲಕ್ಕೆ ಕುಸಿಯುತ್ತದೆ; ಮೂರು ತಿಂಗಳಿಗೊಮ್ಮೆ ಬಾಯಿ ಬಿಚ್ಚಿ ಮೇಲಿನಿಂದ ತುಂಬಬೇಕು.

ರಿಂಗಿನ ವಿಷಯದಲ್ಲಿ ಮಾತ್ರ ಜುಗಾಡಿಗೆ ಒಂದು ಮಿತಿ ಇದೆ. ಅಂತಾರಾಷ್ಟ್ರೀಯ ಪಂದ್ಯಗಳ ರಿಂಗು ಹಗ್ಗದೊಳಗೆ 6.1 ಮೀಟರ್, ಅಂದರೆ 20 ಅಡಿಯ ಚೌಕ. ನನ್ನ ಗೋದಾಮಿನ ಅಗಲವೇ 22 ಅಡಿ. ಹಾಗಾಗಿ ನನ್ನದು 14 ಅಡಿಯದು: ಮರದ ಚೌಕಟ್ಟು, ಪ್ಲೈವುಡ್, ಅದರ ಮೇಲೆ ಫೆಲ್ಟು, ಅದರ ಮೇಲೆ ಮತ್ತದೇ ಲಾರಿ ತಾಡಪಾಲು. ಸುತ್ತ ಬಟ್ಟೆ ಸುತ್ತಿದ ನಾಲ್ಕು ಸಾಲು ಹಗ್ಗ. ಸಣ್ಣ ರಿಂಗಿನಲ್ಲಿ ಹಿಂದೆ ಸರಿದು ತಪ್ಪಿಸಿಕೊಳ್ಳುವುದಕ್ಕೆ ಜಾಗವಿರುವುದಿಲ್ಲ. ಕಲಿಯುವವರಿಗೆ ಅದು ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಜಾಗ ಸಾಲದ್ದನ್ನು ಸಿದ್ಧಾಂತವೆಂದು ಮಾರುವುದು ಎಷ್ಟು ಸುಲಭ!

ಇನ್ನು ಲೆಕ್ಕ. ಬಾಡಿಗೆ ತಿಂಗಳಿಗೆ 12,000 ರೂಪಾಯಿ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು. ಅವರಲ್ಲಿ ತೂಕ ಇಳಿಸಲು ಬರುವವರು ಹನ್ನೊಂದು ಮಂದಿ. ವೈದ್ಯರು, ಅಂಗಡಿಯವರು, ಮದುವೆ ಗೊತ್ತಾದವರು. ಇವರು ತಿಂಗಳಿಗೆ 1,500 ಕೊಡುತ್ತಾರೆ, ಕೇಳದೆಯೇ ಕೊಡುತ್ತಾರೆ. ಉಳಿದವರು ಬಾಕ್ಸಿಂಗ್ ಕಲಿಯಲು ಬರುವವರು. ಇವರು 200 ಕೊಡುತ್ತಾರೆ, ಅಥವಾ ಕೊಡುವುದಿಲ್ಲ. ವಿಜೇಂದರ್ 2008ರಲ್ಲಿ, ಮೇರಿ ಕೋಮ್ 2012ರಲ್ಲಿ, ಲವ್ಲೀನಾ ಟೋಕಿಯೊದಲ್ಲಿ ಗೆದ್ದ ಒಲಿಂಪಿಕ್ಸ್ ಕಂಚಿನ ಪದಕಗಳ ಬಗ್ಗೆ ತಂದೆತಾಯಂದಿರು ಕೇಳುವುದು ಈ ಎರಡನೆಯ ಗುಂಪಿನ ಮಕ್ಕಳಿಗಾಗಿ. ನನ್ನ ಬಾಡಿಗೆ ಕಟ್ಟುವುದು ಮೊದಲನೆಯ ಗುಂಪು.

ಎರಡನೆಯ ಗುಂಪಿನಲ್ಲಿ ಹತ್ತೊಂಬತ್ತರ ಒಬ್ಬ ಹುಡುಗನಿದ್ದಾನೆ. ತಂದೆ ಎಪಿಎಂಸಿಯಲ್ಲಿ ಹಮಾಲಿ. ಸುಗ್ಗಿಯಲ್ಲಿ ಇವನೂ ಮೂಟೆ ಹೊರುತ್ತಾನೆ. ತೂಕ 57 ಕಿಲೋ. ಎಡಚ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆದ ಬಾಕ್ಸರ್ ನಿಶಾಂತ್ ದೇವ್ ಕೂಡ ಎಡಚನೇ ಎಂದು ಯಾರೋ ಹೇಳಿದ ಮೇಲೆ, ಮೊಬೈಲಿನಲ್ಲಿ ಆತನ ಪಂದ್ಯಗಳನ್ನು ನೋಡಿ ನೋಡಿ ಎಡಗೈಯನ್ನು ಸಾಣೆ ಹಿಡಿದಿದ್ದ. ಕೈಗೆ ಸುತ್ತಿಕೊಳ್ಳುವ ಪಟ್ಟಿಯನ್ನು ಅವನು ಕೊಂಡಿರಲಿಲ್ಲ. ತಾಯಿಯ ಹತ್ತಿ ಸೀರೆಯನ್ನು ಉದ್ದಕ್ಕೆ ಹರಿದು ಮಾಡಿಕೊಂಡಿದ್ದ. ನಾಲ್ಕೂವರೆ ಮೀಟರ್ ಬೇಕು. ಸೀರೆಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಒಂದು ಅಂಚಿನಲ್ಲಿ ಹಸಿರು ಗೆರೆ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು. ಹಸಿರು ಗೆರೆ ಪ್ರತಿ ಸುತ್ತಿನಲ್ಲೂ ಒಂದೇ ಕಡೆ ಕೂರುವಂತೆ ಸುತ್ತುತ್ತಿದ್ದ. ಹಾಗೆ ಕೂರದಿದ್ದರೆ ಬಿಚ್ಚಿ ಮತ್ತೆ ಶುರು.

ಬ್ಯಾಂಕಿನವರು ಬಂದು ಐದು ವಾರವಾಗಿತ್ತು. ಆರು ತಿಂಗಳ ಶುಲ್ಕ 9,000 ರೂಪಾಯಿಯನ್ನು ಒಂದೇ ಸಲ ಕಟ್ಟಿದ್ದರು. ನನ್ನ ನಾಲ್ಕು ವರ್ಷದ ಇತಿಹಾಸದಲ್ಲಿ ಹಾಗೆ ಕಟ್ಟಿದವರು ಅವರೊಬ್ಬರೇ. ಆ ದುಡ್ಡು ರಿಂಗಿನ ಹೊಸ ಹಗ್ಗಕ್ಕೆ ಹೋಗಿತ್ತು. ಮೂರು ತಿಂಗಳು ತುಂಬುವ ಮೊದಲು ಯಾರನ್ನೂ ಸ್ಪಾರಿಂಗ್‌ಗೆ, ಅಂದರೆ ಎದುರಾಳಿಯೊಂದಿಗಿನ ಅಭ್ಯಾಸದ ಆಟಕ್ಕೆ, ಇಳಿಸುವುದಿಲ್ಲ ಎಂಬುದು ನನ್ನ ನಿಯಮ. ನನಗೆ ಕಲಿಸಿದವರು, ಹಲಸೂರು ಕೆರೆಯ ಪಕ್ಕದ ಎಂಇಜಿ ಸೇನಾ ಕೇಂದ್ರದಿಂದ ನಿವೃತ್ತರಾದ ಹವಾಲ್ದಾರರೊಬ್ಬರು, ನನ್ನನ್ನು ಐದು ತಿಂಗಳು ಬರೀ ಕಾಲು ಹಾಕುವುದರಲ್ಲೇ ಇಟ್ಟಿದ್ದರು. ಆದರೆ ಬ್ಯಾಂಕಿನವರು ಅಂದು ಹೊಚ್ಚಹೊಸ 16 ಔನ್ಸಿನ ಗ್ಲೌಸ್ ತಂದಿದ್ದರು. ವಿಡಿಯೊ ತೆಗೆಯಲು ಸಹೋದ್ಯೋಗಿಯೊಬ್ಬರನ್ನೂ ಕರೆತಂದಿದ್ದರು. “ಒಂದೇ ರೌಂಡು ಸರ್. ನಮ್ಮ ಶಾಖೆಯಿಂದ ಇನ್ನೂ ಆರು ಜನ ಬರುತ್ತಾರೆ, ಈ ವಿಡಿಯೊ ನೋಡಲಿ” ಎಂದರು.

ಆರು ಸಾವಿರದೈನೂರಲ್ಲ, ಒಂಬತ್ತು ಸಾವಿರ. ಆರನ್ನು 1,500ರಿಂದ ಗುಣಿಸುವುದಕ್ಕೆ ಎರಡು ಸಲ ಬೇಕಾಯಿತು, ಅಷ್ಟು ಆಸೆ. ಗುಣಿಸಿ ಮುಗಿದ ಮೇಲೆ ನಿಯಮ ನೆನಪಿಗೆ ಬರಲಿಲ್ಲ. ಅವರು 82 ಕಿಲೋ ಇದ್ದಾರೆ, ಹುಡುಗ 57, ಇವನಿಂದ ಅವರಿಗೇನಾದೀತು ಎಂದುಕೊಂಡೆ. ತೂಕವಿದ್ದವರು ಏಟು ತಡೆಯುತ್ತಾರೆ ಎಂಬುದು ಬಾಕ್ಸಿಂಗ್ ಗೊತ್ತಿಲ್ಲದವರು ಆಡುವ ಮಾತು. ಅಂದು ನಾನೂ ಆಡಿದೆ, ಮನಸ್ಸಿನಲ್ಲೇ.

ಹುಡುಗ ಆಗಷ್ಟೇ ಬಂದಿದ್ದ. ನವೆಂಬರ್, ಮೆಕ್ಕೆಜೋಳದ ಸುಗ್ಗಿ; ಹುಬ್ಬಿನ ಮೇಲೆಲ್ಲ ಹೊಟ್ಟಿನ ದೂಳು. ಅವನಿಗೆ ಹೇಳಿದ್ದು ಎರಡೇ ಮಾತು: ಮೆಲ್ಲಗೆ ಆಡು, ಮುಖಕ್ಕೆ ಹೊಡೆಯಬೇಡ. ಮೊಬೈಲಿನಲ್ಲಿ ಮೂರು ನಿಮಿಷದ ಟೈಮರ್ ಹಚ್ಚಿ, ರೆಫರಿಯಂತೆ ನಾನೂ ರಿಂಗಿನೊಳಗೆ ನಿಂತೆ.

ಮೊದಲ ಒಂದು ನಿಮಿಷ ಚೆನ್ನಾಗಿಯೇ ಇತ್ತು. ಬ್ಯಾಂಕಿನವರು ಬೀಸುತ್ತಿದ್ದರು, ಹುಡುಗ ತಲೆ ತಗ್ಗಿಸಿ ಬಿಡುತ್ತಿದ್ದ. ಅವರ ಹೊಡೆತವೊಂದು ಇವನ ಕಿವಿಗೆ ತಾಗಿತು. ಸಹೋದ್ಯೋಗಿ ಚಪ್ಪಾಳೆ ತಟ್ಟಿದರು. ಇನ್ನೊಂದು ಮೂಗಿಗೆ ಬಿತ್ತು. ಮುಖಕ್ಕೆ ಹೊಡೆಯಬಾರದೆಂದು ಅವರಿಗೆ ನಾನು ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕುಳಿತಾಗ.

ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ಕರೆ ಬಂದರೆ ಟೈಮರ್ ಪರದೆಯಿಂದ ಮಾಯವಾಗುತ್ತದೆ. ತಗ್ಗಿ ನೋಡಿದೆ: ಗೋದಾಮಿನ ಮಾಲೀಕರು. ತಾರೀಖು ಹನ್ನೆರಡಾಗಿತ್ತು, ಬಾಡಿಗೆ ಕೊಟ್ಟಿರಲಿಲ್ಲ. ಬೆರಳಿನಿಂದ ಕರೆಯನ್ನು ಪಕ್ಕಕ್ಕೆ ಸರಿಸುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಸೆಕೆಂಡು, ಹೆಚ್ಚೆಂದರೆ ಮೂರು.

ಏಟು ನಾನು ನೋಡಲಿಲ್ಲ, ಕೇಳಿದೆ. ಒದ್ದೆ ಗೋಣಿಚೀಲವನ್ನು ನೆಲಕ್ಕೆ ಕೆಡವಿದ ಸದ್ದು. ತಲೆ ಎತ್ತಿದಾಗ ಬ್ಯಾಂಕಿನವರು ನಿಂತೇ ಇದ್ದರು. ನಗುತ್ತಲೂ ಇದ್ದರು. ಎಲ್ಲ ಸರಿಯಿದೆ ಎಂದುಕೊಂಡೆ, ಆದರೆ ಹುಡುಗ ಆಗಲೇ ಕೈ ಕೆಳಗಿಳಿಸಿ ಹಿಂದೆ ಸರಿದಿದ್ದ. ಅವನಿಗೆ ಗೊತ್ತಾಗಿತ್ತು. ಬಲಪಕ್ಕೆಯ ಕೆಳಗೆ, ಲಿವರ್ ಇರುವ ಕಡೆ ಬಿದ್ದ ಏಟಿನ ಗುಣವೇ ಅದು. ತಲೆಗೆ ಬಿದ್ದ ಏಟಿನಂತೆ ಬುದ್ಧಿ ಕದಡುವುದಿಲ್ಲ. ಮೊದಲು ಏನೂ ಆಗುವುದಿಲ್ಲ. ಒಂದು ಕ್ಷಣದ ನಂತರ ರಕ್ತದೊತ್ತಡ ಕುಸಿದು, ಉಸಿರು ಸಿಕ್ಕಿಕೊಂಡು, ಕಾಲುಗಳು ತಮ್ಮಷ್ಟಕ್ಕೆ ತಾವು ಮಡಚುತ್ತವೆ. ಎಲ್ಲವೂ ನಿಚ್ಚಳವಾಗಿ ತಿಳಿಯುತ್ತಿರುತ್ತದೆ, ಏಳುವುದಕ್ಕೆ ಮಾತ್ರ ಆಗುವುದಿಲ್ಲ. ಬ್ಯಾಂಕಿನವರ ನಗು ಮುಖದ ಮೇಲೆ ಹಾಗೆಯೇ ಉಳಿದಿರುವಾಗಲೇ ಅವರು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು, ಎರಡೂ ಮಂಡಿ ಊರಿ, ಹಣೆಯನ್ನು ತಾಡಪಾಲಿಗೆ ಒತ್ತಿ ಮುದುಡಿಕೊಂಡರು. ವಿಡಿಯೊ ತೆಗೆಯುತ್ತಿದ್ದವರ ಕೈ ಆಗಲೂ ಮೇಲೆಯೇ ಇತ್ತು.

ಎರಡು ನಿಮಿಷದಲ್ಲಿ ಉಸಿರು ಸರಿಹೋಯಿತು. ಆದರೂ ಆ ಜಾಗದ ಏಟನ್ನು ಹಾಗೇ ಬಿಡಬಾರದು ಎಂದು ಸ್ಕ್ಯಾನಿಂಗ್ ಮಾಡಿಸಲು ಕರೆದುಕೊಂಡು ಹೋದೆ. ಏನೂ ಆಗಿರಲಿಲ್ಲ. ಆಟೋದಲ್ಲಿ ಅವರು ಮಾತೇ ಆಡಲಿಲ್ಲ. ಇಳಿಯುವಾಗ, “ನನಗೇ ಬೇಕಿತ್ತು ಬಿಡಿ” ಎಂದಷ್ಟೇ ಹೇಳಿದರು. ಒಳ್ಳೆಯ ಮನುಷ್ಯ.

ಆದರೆ ಆಸ್ಪತ್ರೆಗೆ ಹೊರಡುವ ಮುಂಚೆ ನಾನು ಒಂದು ಕೆಲಸ ಮಾಡಿದ್ದೆ. ಅವರು ನೆಲದ ಮೇಲಿರುವಾಗಲೇ, ಇಪ್ಪತ್ತು ಜನರ ಎದುರಿಗೆ, ಹುಡುಗನ ಮೇಲೆ ಕೂಗಾಡಿದ್ದೆ. ಕೂಲಿ ಮಾಡುವ ಕೈಯೇ ಹೀಗೆ, ಮೆಲ್ಲಗೆ ಎಂದರೆ ತಿಳಿಯುವುದಿಲ್ಲ ಎಂದಿದ್ದೆ. ಅದು ಯಾರ ಕಿವಿಗಾಗಿ ಆಡಿದ ಮಾತು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಏನೂ ಹೇಳದೆ ಮೂಲೆಯಲ್ಲಿ ಕುಳಿತು ಪಟ್ಟಿ ಬಿಚ್ಚಿದ. ಆ ಗದ್ದಲದಲ್ಲೂ ಅದನ್ನು ನೀಟಾಗಿ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದ.

ಮರುದಿನ ಬರಲಿಲ್ಲ. ವಾರ ಕಳೆಯಿತು, ಬರಲಿಲ್ಲ. ಸುಗ್ಗಿ, ಸುಸ್ತಾಗಿರಬೇಕು ಎಂದು ಉಳಿದ ಹುಡುಗರಿಗೆ ಹೇಳಿದೆ. ಅವರು ನನ್ನ ಮುಖ ನೋಡದೆ ಹಗ್ಗ ಹಾರುತ್ತಿದ್ದರು. ಬ್ಯಾಂಕಿನವರೂ ಬರಲಿಲ್ಲ, ಹತ್ತನೆಯ ದಿನ ಅವರ ಸಹೋದ್ಯೋಗಿ ಬಂದು ಗ್ಲೌಸ್ ಒಯ್ದರು. ಉಳಿದ ತಿಂಗಳುಗಳ ದುಡ್ಡನ್ನು ಎರಡು ಕಂತಿನಲ್ಲಿ ಹಿಂದಿರುಗಿಸುತ್ತೇನೆಂದು ಹೇಳಿ ಕಳುಹಿಸಿದೆ. ಒಂದು ಕಂತು ಕೊಟ್ಟಿದ್ದೇನೆ.

ಹನ್ನೆರಡನೆಯ ದಿನ ಬೆಳಿಗ್ಗೆ ಎಪಿಎಂಸಿಗೆ ಹೋದೆ. ನನ್ನ ಗೋದಾಮಿನಿಂದ ನಡೆದರೆ ಆರು ನಿಮಿಷ. ಆರು ನಿಮಿಷದ ದಾರಿಗೆ ಹನ್ನೆರಡು ದಿನ ಬೇಕಾಯಿತು. ಪ್ರಾಂಗಣದ ತುಂಬ ಹಳದಿ ರಾಶಿ. ಲಾರಿಗೆ ಒರಗಿಸಿದ ಹಲಗೆಯ ಮೇಲೆ ಅವನು 50 ಕಿಲೋದ ಮೂಟೆ ಹೊತ್ತು ಹತ್ತುತ್ತಿದ್ದ. ತಲೆಯ ಮೇಲೆ ಮಡಚಿದ ಗೋಣಿ, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಹಲಗೆ ಬಾಗಿದಂತೆಲ್ಲ ಅವನ ಮುಂಗಾಲು ಒಳಕ್ಕೆ ತಿರುಗಿ, ಹಿಂಗಾಲಿನ ಹಿಮ್ಮಡಿ ಅಷ್ಟೇ ಅಷ್ಟು ಮೇಲೇಳುತ್ತಿತ್ತು. ನಾನು ಎಂಟು ತಿಂಗಳು ತಿದ್ದಿದ ನಿಲುವು ಎಂದು ಬೀಗುತ್ತಿದ್ದೆನಲ್ಲ, ಅದು ಇಲ್ಲಿಂದ ಬಂದದ್ದು.

ಇಳಿದು ಬಂದ. ಸರ್ ಎಂದ. ನಾನು ಆವತ್ತು ತಪ್ಪು ಮಾತಾಡಿದೆ ಎಂದೆ. ಪಕ್ಕದಲ್ಲಿ ಅವನ ತಂದೆಯೂ ಮೂಟೆಗೆ ಕೊಕ್ಕೆ ಹಾಕುತ್ತ ನಿಂತಿದ್ದರು. ಅವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಹುಡುಗ ಕೊಕ್ಕೆಯ ತುದಿಯಿಂದ ಉಗುರಿನ ಸಂದಿಯ ಹೊಟ್ಟು ಕೀಳುತ್ತ, “ಮುಖಕ್ಕೆ ಹೊಡೆಯಬೇಡ ಅಂದಿದ್ದಿರಿ ಸರ್, ಹೊಡೆಯಲಿಲ್ಲ” ಎಂದ. ದೂರಿದಂತಿರಲಿಲ್ಲ. ಲೆಕ್ಕ ಒಪ್ಪಿಸುವ ದನಿ. ಅಷ್ಟರಲ್ಲಿ ಲಾರಿಯ ಮೇಲಿನವನು ಕೂಗಿದ, ಅವನು ಹೊರಟ.

ಆ ಸಂಜೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸೋಮವಾರ ನಾನು ಚೀಲದ ಬಾಯಿ ಬಿಚ್ಚಿ, ಏಣಿ ಹತ್ತಿ ಚಿಂದಿ ತುರುಕುತ್ತಿದ್ದೆ. ಕೆಳಗೆ ಯಾರೋ ಏಣಿಯನ್ನು ಹಿಡಿದುಕೊಂಡರು. ಬಗ್ಗಿ ನೋಡಿದರೆ ಏಣಿಯ ಕಾಲಿನ ಮೇಲೆ ಎರಡು ಕೈ, ಹಸಿರು ಗೆರೆ ಸಾಲಾಗಿ ಕೂತಿತ್ತು.

“ಇವತ್ತು ಎಲ್ಲಿಗೆ ಹೊಡೆಯಬಾರದು ಸರ್?” ಎಂದು ಕೇಳಿದ.